18 ದಾಟಿದ ಮೇಲೆ ಫುಟ್ಬಾಲ್ ಶುರು ಮಾಡಿದ್ರೆ ಪ್ರೊಫೆಷನಲ್ ಆಗಬಹುದಾ? ಉತ್ತರ ಬೆಂಗಳೂರಿನ ಹುಡುಗರು, ಪೋಷಕರು ತಿಳಿದಿರಬೇಕಾದ ಮಾಹಿತಿ

ಯಲಹಂಕ: ಹೆಬ್ಬಾಳ, ಥಣಿಸಂದ್ರ, ಜಕ್ಕೂರು, ಸಹಕಾರನಗರ, ಕೋಗಿಲು ಕಡೆ ಈಗ ಎಲ್ಲಿ ನೋಡಿದರೂ ಟರ್ಫ್. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ, ಕಾಲೇಜು, ಡೆಲಿವರಿ ಕೆಲಸ ಮುಗಿದ ಮೇಲೆ ಹುಡುಗರು ದುಡ್ಡು ಹಂಚಿಕೊಂಡು ಒಂದು ಗಂಟೆ ಆಡಿ ಬರುತ್ತಾರೆ. ಅವರಲ್ಲಿ ಒಬ್ಬಿಬ್ಬರು ನಿಜವಾಗಿಯೂ ಚೆನ್ನಾಗಿ ಆಡ್ತಾರೆ. ಆಗ ಪ್ರಶ್ನೆ ಬರುತ್ತೆ: ಇದನ್ನೇ ಕೆಲಸ ಮಾಡಿಕೊಳ್ಳಬಹುದಾ? ವಯಸ್ಸು 17, 18, 20 ಆಯ್ತು, ಇನ್ನೂ ಟೈಮ್ ಇದೆಯಾ?

ಚಿಕ್ಕ ಉತ್ತರ: ಐಎಸ್‌ಎಲ್ ಮಟ್ಟಕ್ಕೆ ಹೋಗುವ ಸಾಧ್ಯತೆ ತೀರಾ ಕಡಿಮೆ. ಆದರೆ ಬೆಂಗಳೂರಿನ ಲೀಗ್‌ನಲ್ಲಿ ರಿಜಿಸ್ಟರ್ ಆಗಿ ಆಡುವುದು ಕೈಗೆಟುಕುವ ವಿಷಯ. ಈ ಎರಡರ ನಡುವೆ ಇನ್ನೂ ಕೆಲವು ದಾರಿಗಳಿವೆ. ಯಾವ ದಾರಿ ನಿಜ, ಯಾವುದು ದುಡ್ಡು ಕೀಳುವ ದಾರಿ ಅನ್ನೋದನ್ನ ಮನೆಯವರೂ ತಿಳಿದುಕೊಂಡಿರಬೇಕು.

'ಲೇಟ್' ಅಂದ್ರೆ ಎಷ್ಟು ವಯಸ್ಸು?

ಇದಕ್ಕೆ ಫಿಫಾ ನಿಯಮದಲ್ಲೇ ಒಂದು ಸುಳಿವಿದೆ. ಆಟಗಾರನೊಬ್ಬ ಪ್ರೊಫೆಷನಲ್ ಆದಾಗ ಅವನನ್ನು ಬೆಳೆಸಿದ ಹಳೇ ಕ್ಲಬ್‌ಗಳಿಗೆ ತರಬೇತಿ ಪರಿಹಾರ ಕೊಡಬೇಕು ಅನ್ನುವ ನಿಯಮ ಇದೆ. ಆ ಲೆಕ್ಕ ಶುರುವಾಗುವುದು 12ನೇ ವಯಸ್ಸಿಂದ, ಮುಗಿಯುವುದು 21ಕ್ಕೆ. ಅಂದರೆ ಫುಟ್ಬಾಲ್ ಜಗತ್ತು ಆಟಗಾರ ತಯಾರಾಗುವ ಕಾಲ ಅಂತ ಹಿಡಿದಿರುವುದೇ ಈ ಹತ್ತು ವರ್ಷವನ್ನ. 12ಕ್ಕಿಂತ ಮುಂಚಿನದ್ದು ಚೆಂಡಿನ ಜೊತೆ ಸಲಿಗೆ ಬೆಳೆಸುವ ಕಾಲ.

ನಮ್ಮಲ್ಲೂ ವ್ಯವಸ್ಥೆ ಹಾಗೇ ಇದೆ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ (ಎಐಎಫ್‌ಎಫ್) ಅಡಿ ಚಿಕ್ಕ ಮಕ್ಕಳಿಗೆ ಬೇಬಿ ಲೀಗ್, ಆಮೇಲೆ ಬೇರೆ ಬೇರೆ ವಯಸ್ಸಿನವರ ಯೂತ್ ಲೀಗ್. ಇದರ ಮೇಲೆ 2022ರಲ್ಲಿ ಶುರುವಾದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್. ಅದರ ಮೊದಲ ವರ್ಷದ ಚಾಂಪಿಯನ್ ನಮ್ಮ ಬೆಂಗಳೂರು ಎಫ್‌ಸಿ ಹುಡುಗರೇ. 18 ವರ್ಷಕ್ಕೆ ಹೊಸದಾಗಿ ಆಟ ಶುರು ಮಾಡುವವನಿಗೆ ಈ ಮೆಟ್ಟಿಲುಗಳಲ್ಲಿ ಬಹುತೇಕ ಎಲ್ಲವೂ ಮುಗಿದುಹೋಗಿರುತ್ತೆ. ಅವನು ನೇರವಾಗಿ ದೊಡ್ಡವರ ಜೊತೆ ಆಡಿ ಗೆಲ್ಲಬೇಕು.

ಲೇಟಾಗಿ ಕಲಿತವರು ಬೇರೆ, ಲೇಟಾಗಿ ಕಣ್ಣಿಗೆ ಬಿದ್ದವರು ಬೇರೆ

ಈ ಮಾತು ಬಂದಾಗ ಹುಡುಗರು ಮೊದಲು ಹೇಳುವ ಹೆಸರು ಜೇಮಿ ವಾರ್ಡಿ. ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾ ವಾರಕ್ಕೆ 30 ಪೌಂಡ್‌ಗೆ ಸಣ್ಣ ಕ್ಲಬ್‌ನಲ್ಲಿ ಆಡ್ತಿದ್ದ ವಾರ್ಡಿ 2012ರಲ್ಲಿ, 25ನೇ ವಯಸ್ಸಿಗೆ ಲೆಸ್ಟರ್ ಸಿಟಿ ಸೇರಿದರು. 2015ರಲ್ಲಿ ಇಂಗ್ಲೆಂಡ್ ತಂಡಕ್ಕೆ ಬಂದರು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಇಯಾನ್ ರೈಟ್ ಕೂಡ 1985ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಸೇರುವಾಗ 22ರ ಹತ್ತಿರ ಇದ್ದರು.

ಆದರೆ ಈ ಕಥೆಯ ಇನ್ನೊಂದು ಭಾಗ ಯಾರೂ ಹೇಳಲ್ಲ. ವಾರ್ಡಿ ಹುಡುಗನಾಗಿದ್ದಾಗ ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್‌ನಲ್ಲೇ ಬೆಳೆದವರು, 16ಕ್ಕೆ ಅಲ್ಲಿಂದ ಹೊರಗೆ ಹಾಕಿಸಿಕೊಂಡವರು. ಆಮೇಲೂ ಸಣ್ಣ ಕ್ಲಬ್‌ನಲ್ಲಿ ಆಡಿದರು. ರೈಟ್ ಕೂಡ ಲಂಡನ್‌ನ ಹವ್ಯಾಸಿ ಲೀಗ್‌ಗಳಲ್ಲಿ ಆಡುತ್ತಲೇ ಇದ್ದವರು. ಇಬ್ಬರಿಗೂ ತಡವಾಗಿ ಸಿಕ್ಕಿದ್ದು ಕಾಂಟ್ರಾಕ್ಟ್. ಆಟ ಕಲಿತದ್ದು ಎಲ್ಲರ ಹಾಗೆ ಚಿಕ್ಕಂದಿನಲ್ಲೇ.

ಸುನಿಲ್ ಚೆಟ್ರಿ ಅವರದ್ದೂ ಅಷ್ಟೇ. 2002ರಲ್ಲಿ 17ನೇ ವಯಸ್ಸಿಗೆ ಮೋಹನ್ ಬಗಾನ್ ಸೇರಿದರು. ಕೇಳಿದರೆ ದಿಢೀರ್ ಅಂತ ಆದ ಹಾಗಿರುತ್ತೆ. ಆದರೆ ಅವರ ತಾಯಿಯೇ ನೇಪಾಳ ಮಹಿಳಾ ತಂಡಕ್ಕೆ ಆಡಿದವರು. ಮನೆಯಲ್ಲಿ ಹುಟ್ಟಿದಾಗಿಂದ ಫುಟ್ಬಾಲ್ ಇತ್ತು.

ಹಾಗಾಗಿ ನಿಮ್ಮ ಮಗನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ವಯಸ್ಸಿನದ್ದಲ್ಲ. ಎಂಟ್ಹತ್ತು ವರ್ಷದಿಂದ ಬೀದಿ, ಶಾಲೆ, ಖಾಲಿ ಸೈಟು ಎಲ್ಲಾದರೂ ಆಡುತ್ತಾ ಬಂದಿದ್ದಾನಾ, ಅಥವಾ 2022ರ ವಿಶ್ವಕಪ್ ನೋಡಿ ಆಮೇಲೆ ಶುರು ಮಾಡಿದನಾ? ಮೊದಲನೆಯವನಿಗೆ 19 ಆಗಿದ್ದರೂ ಒಂದು ಕೈ ನೋಡಬಹುದು. ಎರಡನೆಯವನಿಗೆ ದಾರಿ ತುಂಬಾ ಕಡಿದು.

ಉತ್ತರ ಬೆಂಗಳೂರಲ್ಲಿ ತಡ ಆಗೋದು ಯಾಕೆ?

ಬೆಂಗಳೂರು ಫುಟ್ಬಾಲ್‌ಗೆ ಹೊಸ ಊರಲ್ಲ. ಬೆಂಗಳೂರು ಮುಸ್ಲಿಂಸ್ ತಂಡ 1937ರಲ್ಲೇ ಮುಂಬೈನ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ನಮ್ಮೂರಿನವರು. ಅದೇ ತಂಡದ ಅಹ್ಮದ್ ಖಾನ್, 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದ ಕೆಂಪಯ್ಯ, 90ರ ದಶಕದ ಕಾರ್ಲ್ಟನ್ ಚಾಪ್ಮನ್ ಎಲ್ಲರೂ ಇಲ್ಲಿನವರೇ.

ಆದರೆ ಈ ಫುಟ್ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆ ಮಗು ನಡೆಯೋದು ಕಲಿತ ಕೂಡಲೇ ಕಾಲಿಗೆ ಚೆಂಡು ಸಿಗುತ್ತೆ, ಪಕ್ಕದ ಮನೆ ಮಾಮ ಲೀಗ್ ಆಡಿದವರೇ ಆಗಿರುತ್ತಾರೆ. ಯಲಹಂಕ, ಹೆಬ್ಬಾಳ ಮೊನ್ನೆ ಮೊನ್ನೆಯವರೆಗೆ ಹಳ್ಳಿ, ಆಮೇಲೆ ಲೇಔಟ್. ಇಲ್ಲಿನ ಖಾಲಿ ಜಾಗದಲ್ಲಿ ಕ್ರಿಕೆಟ್ ಆಡಿದವರೇ ಹೆಚ್ಚು. ಫುಟ್ಬಾಲ್ ಇದ್ದದ್ದು ರೈಲ್ ವೀಲ್ ಫ್ಯಾಕ್ಟರಿ, ವಾಯುಪಡೆ ನೆಲೆಯಂಥ ಕ್ಯಾಂಪಸ್‌ಗಳಲ್ಲಿ, ಆರ್‌ಟಿ ನಗರದ ಎಚ್‌ಎಂಟಿ ಮೈದಾನದಂಥ ಕೆಲವು ಕಡೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ, ಆಮೇಲೆ ಟರ್ಫ್‌ಗಳು ಬಂದ ಮೇಲೆ ಇಲ್ಲಿ ಆಸಕ್ತಿ ಜಾಸ್ತಿಯಾಯ್ತು. ಹಾಗಾಗಿ ಇಲ್ಲಿನ ಎಷ್ಟೋ ಹುಡುಗರಿಗೆ ಆಟ ಸಿಕ್ಕಿದ್ದೇ ಹೈಸ್ಕೂಲ್, ಪಿಯುಸಿ ಹೊತ್ತಿಗೆ. ಇದು ಹುಡುಗರ ತಪ್ಪಲ್ಲ. ಆದರೆ ಸೆಲೆಕ್ಟರ್ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಮೇಲೆ ಜಾಗ ಎಷ್ಟಿದೆ? ಲೆಕ್ಕ ನೋಡಿ

2024-25ರ ಐಎಸ್‌ಎಲ್‌ನಲ್ಲಿ ಆಡಿದ್ದು 13 ಕ್ಲಬ್. ಒಂದು ತಂಡ ಮೈದಾನಕ್ಕೆ ಒಟ್ಟಿಗೆ ಇಳಿಸಬಹುದಾದ ವಿದೇಶಿಯರು ನಾಲ್ಕು ಜನ. ಎಲ್ಲರೂ ನಾಲ್ವರನ್ನೂ ಇಳಿಸಿದರೆ ಭಾರತೀಯರಿಗೆ ಉಳಿಯೋದು ತಂಡಕ್ಕೆ 7 ಜಾಗ. 13 ಕ್ಲಬ್‌ಗೆ 91. ಬೆಂಚ್‌ನಲ್ಲಿ ಕೂರುವವರನ್ನು ಸೇರಿಸಿದರೂ ಇಡೀ ದೇಶಕ್ಕೆ ಕೆಲವು ನೂರು ಜನ. ಮಣಿಪುರ, ಮಿಜೋರಾಂ, ಕೇರಳ, ಬಂಗಾಳ, ಗೋವಾದಲ್ಲಿ ಆರೇಳು ವರ್ಷಕ್ಕೆ ಶುರು ಮಾಡಿದವರ ಜೊತೆ ಈ ಜಾಗಕ್ಕೆ ಪೈಪೋಟಿ.

ಬೆಂಗಳೂರಿನ ಏಣಿ: ಸಿ ಡಿವಿಷನ್‌ನಿಂದ ಸೂಪರ್ ಡಿವಿಷನ್

ಲೇಟಾಗಿ ಬಂದವನಿಗೆ ನಿಜವಾಗಿ ತೆರೆದಿರುವ ಬಾಗಿಲು ಇದು. ಬೆಂಗಳೂರು ಜಿಲ್ಲಾ ಫುಟ್ಬಾಲ್ ಸಂಸ್ಥೆ (ಬಿಡಿಎಫ್‌ಎ) ಸಿ, ಬಿ, ಎ ಮತ್ತು ಸೂಪರ್ ಡಿವಿಷನ್ ಲೀಗ್ ನಡೆಸುತ್ತೆ. ರಾಜ್ಯದ ಮಟ್ಟದಲ್ಲಿ ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆ (ಕೆಎಸ್‌ಎಫ್‌ಎ). ಎರಡರ ಚಟುವಟಿಕೆಗೂ ಕೇಂದ್ರ ಗರುಡಾ ಮಾಲ್ ಹತ್ತಿರದ ಮ್ಯಾಗ್ರಾತ್ ರಸ್ತೆಯ ಬೆಂಗಳೂರು ಫುಟ್ಬಾಲ್ ಸ್ಟೇಡಿಯಂ. ಯಶವಂತಪುರದವರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಎಂ.ಜಿ. ರೋಡ್‌ನಲ್ಲಿ ಇಳಿಯಬಹುದು. ಯಲಹಂಕ, ಹೆಬ್ಬಾಳ, ಆರ್‌ಟಿ ನಗರದವರಿಗೆ ಶಿವಾಜಿನಗರ ಬಸ್ ಇದೆ.

ಸಿ ಡಿವಿಷನ್ ಆಡೋಕೆ ಅಕಾಡೆಮಿ ಸರ್ಟಿಫಿಕೇಟ್ ಬೇಕಿಲ್ಲ. ಒಂದು ಕ್ಲಬ್ ನಿಮ್ಮನ್ನು ತಗೊಂಡು ರಿಜಿಸ್ಟರ್ ಮಾಡಬೇಕು, ಅಷ್ಟೇ. ಈಗ ಎಲ್ಲಾ ನೋಂದಣಿ ಎಐಎಫ್‌ಎಫ್‌ನ ಆನ್‌ಲೈನ್ ವ್ಯವಸ್ಥೆ ಸಿಆರ್‌ಎಸ್ ಮೂಲಕ. ಒಂದು ಸಲಕ್ಕೆ ಒಂದೇ ಕ್ಲಬ್‌ಗೆ ನೋಂದಣಿ. ಬೇರೆ ಕ್ಲಬ್‌ಗೆ ಹೋಗಬೇಕಾದರೆ ಟ್ರಾನ್ಸ್‌ಫರ್ ಆಗಬೇಕು. ಹಾಗಾಗಿ ಸಹಿ ಹಾಕುವ ಮುಂಚೆ ಯಾವ ಡಿವಿಷನ್, ಎಷ್ಟು ಮ್ಯಾಚ್ ಆಡಿಸ್ತಾರೆ ಅಂತ ಕೇಳಿಕೊಳ್ಳಿ. ಸೂಪರ್ ಡಿವಿಷನ್ ಕ್ಲಬ್‌ನಲ್ಲಿ ಇಡೀ ಸೀಸನ್ ಬೆಂಚ್ ಮೇಲೆ ಕೂರೋದಕ್ಕಿಂತ ಬಿ ಡಿವಿಷನ್‌ನಲ್ಲಿ ಪ್ರತಿ ಮ್ಯಾಚ್ ಆಡೋದು ಎಷ್ಟೋ ಮೇಲು.

ಸೂಪರ್ ಡಿವಿಷನ್‌ನಿಂದ ಮೇಲಕ್ಕೆ ದಾರಿ ಇದೆ. ರಾಜ್ಯ ಸಂಸ್ಥೆ ಕಳಿಸುವ ಕ್ಲಬ್‌ಗಳು ರಾಷ್ಟ್ರೀಯ ಲೀಗ್‌ನ ಕೆಳ ಹಂತಗಳಲ್ಲಿ ಆಡುತ್ತವೆ. ಹೀಗೆ ಇಲ್ಲಿಂದಲೇ ಹೋದ ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಬಡ್ತಿ ಪಡೆಯಿತು. ಇನ್ನೊಂದು ಬಾಗಿಲು ಸಂತೋಷ್ ಟ್ರೋಫಿ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಟ್ರೋಫಿ ತಂದಿತು. ಕೋಚ್ ರವಿ ಬಾಬು ರಾಜು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದಿದ್ದರು. ಟಿವಿಯಲ್ಲಿ ಮುಖ ಕಾಣುವ ಸ್ಟಾರ್‌ಗಳ ತಂಡ ಅದಾಗಿರಲಿಲ್ಲ.

ಟರ್ಫ್‌ನಲ್ಲಿ ಹೀರೋ, ಮೈದಾನದಲ್ಲಿ ಝೀರೋ: ಯಾಕೆ ಹೀಗೆ?

ಟ್ರಯಲ್ಸ್‌ಗೆ ಹೋಗಿ ಬೇಜಾರಾಗಿ ವಾಪಸ್ ಬರುವ ಹುಡುಗರ ತೊಂದರೆ ಹೆಚ್ಚಾಗಿ ಇದೇ. ಐದು ಜನರ ಆಟದ ಅಂಕಣ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಪೂರ್ಣ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಎಂಟು ಟರ್ಫ್ ಸೇರಿಸಿದರೂ ಒಂದು ಮೈದಾನ ಆಗಲ್ಲ. ಟರ್ಫ್‌ನಲ್ಲಿ ಗೋಡೆ, ಬಲೆಗೆ ಬಡಿದ ಚೆಂಡು ವಾಪಸ್ ಬರುತ್ತೆ, ಸುಸ್ತಾದರೆ ಗೋಲ್ ಕೀಪರ್ ಆಗಿ ನಿಲ್ಲಬಹುದು. ಅಲ್ಲಿ ಹೆಡರ್ ಇಲ್ಲ, ಆಫ್‌ಸೈಡ್ ಇಲ್ಲ, 40 ಮೀಟರ್ ದೂರದ ಪಾಸ್ ಇಲ್ಲ.

ದೊಡ್ಡ ಮಟ್ಟದ 90 ನಿಮಿಷದ ಪಂದ್ಯದಲ್ಲಿ ಮಿಡ್‌ಫೀಲ್ಡರ್ ಒಬ್ಬ 10ರಿಂದ 12 ಕಿ.ಮೀ. ಓಡುತ್ತಾನೆ. ಅದರಲ್ಲಿ ಚೆಂಡು ಅವನ ಕಾಲಲ್ಲಿ ಇರೋದು ಸ್ವಲ್ಪ ಹೊತ್ತು ಮಾತ್ರ. ಮಿಕ್ಕ ಹೊತ್ತೆಲ್ಲ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾರನ್ನು ಕಾಯಬೇಕು ಅನ್ನೋದೇ ಆಟ. ಲೇಟಾಗಿ ಬಂದವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸ್ಪೀಡ್ ಮತ್ತು ತಾಕತ್ತನ್ನು ಎರಡು ವರ್ಷದಲ್ಲಿ ಬೆಳೆಸಬಹುದು. ಈ ತಿಳಿವಳಿಕೆ ಮ್ಯಾಚ್ ಆಡಿ ಆಡಿಯೇ ಬರಬೇಕು.

ಹಾಗಂತ ಟರ್ಫ್ ವ್ಯರ್ಥ ಅಲ್ಲ. ಸಣ್ಣ ಜಾಗದಲ್ಲಿ ಚೆಂಡು ಹಿಡಿತಕ್ಕೆ ತಗೊಳ್ಳೋದು ಅಲ್ಲೇ ಚೆನ್ನಾಗಿ ಬರೋದು. ಫುಟ್ಸಾಲ್‌ಗೂ ಈಗ ದಾರಿ ಆಗ್ತಿದೆ. ಎಐಎಫ್‌ಎಫ್ 2021ರಲ್ಲಿ ರಾಷ್ಟ್ರೀಯ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ಶುರು ಮಾಡಿತು, 2023ರ ಅಕ್ಟೋಬರ್‌ನಲ್ಲಿ ಭಾರತ ತಂಡ ಮೊದಲ ಸಲ ಏಷ್ಯನ್ ಕಪ್ ಅರ್ಹತಾ ಪಂದ್ಯ ಆಡಿತು. ಹೊಸ ಆಟ, ಅಷ್ಟಾಗಿ ನೂಕುನುಗ್ಗಲು ಇಲ್ಲ. ಆದರೆ ಸದ್ಯಕ್ಕೆ ಅದರಿಂದ ಹೊಟ್ಟೆಪಾಡು ನಡೆಯುವ ಪರಿಸ್ಥಿತಿ ಇಲ್ಲ.

ವಯಸ್ಸಿಗೆ ತಕ್ಕ ಹಾಗೆ ಏನು ಆಸೆ ಇಟ್ಟುಕೊಳ್ಳಬಹುದು?

12ರೊಳಗೆ: ತಡ ಆಗೇ ಇಲ್ಲ. ಹತ್ತಿರದ ಯಾವುದೇ ಮೈದಾನದಲ್ಲಿ ಆಡಲಿ. ದುಬಾರಿ ಫೀಸ್ ಕಟ್ಟಬೇಕೆಂದೇನೂ ಇಲ್ಲ.

13ರಿಂದ 15: ಸ್ವಲ್ಪ ತಡ, ಆದರೆ ಬಾಗಿಲು ಮುಚ್ಚಿಲ್ಲ. ಯೂತ್ ಲೀಗ್ ಆಡುವ ಕ್ಲಬ್ ಅಥವಾ ಶಾಲಾ ತಂಡ ಸೇರೋದು ಮುಖ್ಯ. ಬರೀ ಕೋಚಿಂಗ್ ಸಾಲದು, ಮ್ಯಾಚ್ ಬೇಕು.

16ರಿಂದ 18: ಈ ಮುಂಚೆ ಆಡಿದ ಅನುಭವ ಇದ್ದರೆ ಕ್ಲಬ್ ಟ್ರಯಲ್ಸ್‌ಗೆ ಹೋಗಿ. ಹೊಸಬರಾದರೆ ಸಿ ಡಿವಿಷನ್ ಕ್ಲಬ್ ಹಿಡಿಯಿರಿ. ಒಳ್ಳೇ ಎತ್ತರ, ಗಟ್ಟಿ ಕೈ ಇದ್ದವರು ಗೋಲ್ ಕೀಪಿಂಗ್ ಬಗ್ಗೆ ಯೋಚಿಸಬಹುದು. ಕೀಪರ್‌ಗಳು ಪಕ್ವ ಆಗೋದೇ ನಿಧಾನ, ಆಡೋದೂ ಹೆಚ್ಚು ವರ್ಷ. ಓಟಗಾರರಾಗಿದ್ದವರು ವಿಂಗ್, ಫುಲ್‌ಬ್ಯಾಕ್ ಜಾಗ ನೋಡಬಹುದು.

19ರಿಂದ 22: ಎರಡು ಸೀಸನ್ ಗಡುವು ಹಾಕಿಕೊಳ್ಳಿ. ಸಿ ಅಥವಾ ಬಿ ಡಿವಿಷನ್‌ನಲ್ಲಿ ಎಲ್ಲರಿಗಿಂತ ಎದ್ದು ಕಾಣದಿದ್ದರೆ ಮೇಲಿನವರು ಕರೆಯಲ್ಲ. ಡಿಗ್ರಿ, ಕೆಲಸ, ಅಂಗಡಿ ಬಿಡಬೇಡಿ. ಸಿ ಡಿವಿಷನ್ ಆಡುವ ಬಹುಪಾಲು ಜನ ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಕೆಲಸಕ್ಕೆ ಹೋಗುವವರೇ.

23 ದಾಟಿದ ಹೊಸಬರು: ಆಟಕ್ಕಾಗಿ ಆಡಿ, ಮೈಗೆ ಒಳ್ಳೇದು. ಪ್ರೊಫೆಷನಲ್ ಆಗುವ ಲೆಕ್ಕದಲ್ಲಿ ಸಾಲ ಮಾಡಬೇಡಿ.

'ಚೆಟ್ರಿ 40ರಲ್ಲೂ ಆಡಿದ್ರಲ್ಲ' ಅಂತ ಕೇಳುವವರಿದ್ದಾರೆ. 2024-25ರ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದದ್ದು 40ರ ಚೆಟ್ರಿಯೇ. ಆದರೆ ಅದು 20 ವರ್ಷ ಮೈ ಕಾಪಾಡಿಕೊಂಡು ಬಂದದ್ದರ ಫಲ. ಹೊಸದಾಗಿ ಶುರು ಮಾಡಿದವರು ಅವಸರಕ್ಕೆ ದಿನಾ ಎರಡು ಹೊತ್ತು ಓಡಿ ಮೊಣಕಾಲು ಹಾಳುಮಾಡಿಕೊಳ್ಳೋದೇ ಹೆಚ್ಚು. ವಾರಕ್ಕೆ ಒಂದು ದಿನವಾದರೂ ಪೂರ್ತಿ ರೆಸ್ಟ್ ಬೇಕು.

ಹೆಣ್ಣುಮಕ್ಕಳಿಗೆ ಅವಕಾಶ ಸ್ವಲ್ಪ ಜಾಸ್ತಿ

ಮಹಿಳಾ ಫುಟ್ಬಾಲ್‌ನಲ್ಲಿ ಚಿಕ್ಕಂದಿನಿಂದ ಆಡಿದವರ ಸಂಖ್ಯೆಯೇ ಕಡಿಮೆ. ಹಾಗಾಗಿ 14, 15ಕ್ಕೆ ಶುರು ಮಾಡಿದ ಹುಡುಗಿಗೂ ಜಾಗ ಇದೆ. ಪಂಜಾಬಿನ ಮನೀಷಾ ಕಲ್ಯಾಣ್ ಶಾಲೆಯಲ್ಲಿ ಓಟ, ಬ್ಯಾಸ್ಕೆಟ್‌ಬಾಲ್‌ನಲ್ಲಿದ್ದವರು, ಹದಿಹರೆಯದಲ್ಲಿ ಫುಟ್ಬಾಲ್‌ಗೆ ಬಂದರು. 2022ರಲ್ಲಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯರಾದರು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ತನಕ ಹೋಗಿತ್ತು. ಅದೇ ವರ್ಷ ಎಐಎಫ್‌ಎಫ್, ಈ ಲೀಗ್‌ನ ಮೊದಲ ಎಂಟು ಕ್ಲಬ್‌ಗಳು ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಕಾಂಟ್ರಾಕ್ಟ್ ಕೊಡಬೇಕು ಅಂತ ತೀರ್ಮಾನಿಸಿತು. ದೊಡ್ಡ ಮೊತ್ತ ಅಲ್ಲ, ಆದರೆ ಬರೆದು ಕೊಟ್ಟ ಸಂಬಳ. ಓಟ, ಕಬಡ್ಡಿ, ಖೋಖೋದಲ್ಲಿ ಚುರುಕಾಗಿರುವ ಮಗಳಿದ್ದರೆ ಯೋಚನೆ ಮಾಡಬಹುದು.

ದುಡ್ಡಿನ ಮಾತು

ಫಿಫಾ ಪ್ರಕಾರ ಪ್ರೊಫೆಷನಲ್ ಅಂದ್ರೆ ಕ್ಲಬ್ ಜೊತೆ ಬರಹದ ಕಾಂಟ್ರಾಕ್ಟ್ ಇರಬೇಕು ಮತ್ತು ಆಡೋಕೆ ಆಗುವ ಖರ್ಚಿಗಿಂತ ಹೆಚ್ಚು ದುಡ್ಡು ಸಿಗಬೇಕು. ಬಸ್ ಚಾರ್ಜು, ತಿಂಡಿ, ಬೂಟು ಕೊಡಿಸಿದರೆ ಅದು ಪ್ರೊಫೆಷನಲ್ ಅಲ್ಲ. ಬೆಂಗಳೂರಿನ ಕೆಳ ಡಿವಿಷನ್‌ಗಳಲ್ಲಿ ಹೆಚ್ಚಿನವರಿಗೆ ಸಿಗೋದು ಅಷ್ಟೇ.

ಮೇಲಿನ ಹಂತದಲ್ಲೂ ಗ್ಯಾರಂಟಿ ಇಲ್ಲ. 2025ರ ಜುಲೈನಲ್ಲಿ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ತಡೆ ಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿರುವುದಾಗಿ ಹೇಳಿತು. ಅಷ್ಟು ದೊಡ್ಡ ಕ್ಲಬ್‌ನಲ್ಲೇ ಹೀಗಾದ ಮೇಲೆ ಸಣ್ಣ ಕ್ಲಬ್‌ನ ಹುಡುಗರ ಗತಿ ಹೇಳಬೇಕಿಲ್ಲ.

ಇದಕ್ಕೇ ಬೆಂಗಳೂರಿನ ಹಳೇ ಆಟಗಾರರು ಹಿಡಿದ ದಾರಿ ನೌಕರಿ. ಐಟಿಐ, ಎಚ್‌ಎಎಲ್, ಎಂಇಜಿ, ಎಎಸ್‌ಸಿ ಹೀಗೆ ಸರ್ಕಾರಿ ಸಂಸ್ಥೆ ಮತ್ತು ಸೇನೆಯ ತಂಡಗಳೇ ಇಲ್ಲಿನ ಫುಟ್ಬಾಲ್‌ನ ಬೆನ್ನೆಲುಬಾಗಿದ್ದವು. ಯಲಹಂಕದ ರೈಲ್ ವೀಲ್ ಫ್ಯಾಕ್ಟರಿ ತಂಡವೂ ಆರ್‌ಡಬ್ಲ್ಯೂಎಫ್ ಹೆಸರಲ್ಲಿ ಬೆಂಗಳೂರು ಲೀಗ್ ಆಡಿದೆ. ಈಗ ಆ ನೇಮಕಾತಿ ಕಡಿಮೆಯಾಗಿದೆ, ಆದರೆ ರೈಲ್ವೆ, ಸೇನೆ, ಕೆಲವು ಕೇಂದ್ರ ಇಲಾಖೆಗಳ ಕ್ರೀಡಾ ಕೋಟಾ ಇನ್ನೂ ಇದೆ. ಅದಕ್ಕೆ ರಾಜ್ಯ ತಂಡ, ವಿಶ್ವವಿದ್ಯಾಲಯ ತಂಡದಂಥ ಮಟ್ಟದ ಸರ್ಟಿಫಿಕೇಟ್ ಕೇಳುತ್ತಾರೆ. ಕಾಲೇಜು ಬಿಟ್ಟರೆ ವಿಶ್ವವಿದ್ಯಾಲಯ ತಂಡದ ದಾರಿಯೂ ಬಿಟ್ಟುಹೋಗುತ್ತೆ ಅನ್ನೋದು ನೆನಪಿರಲಿ.

ಮೋಸ ಹೋಗಬೇಡಿ

ತಡ ಆಯ್ತು ಅನ್ನುವ ಆತಂಕ ಇರುವವರೇ ಸುಲಭವಾಗಿ ಬಲೆಗೆ ಬೀಳೋದು. ಈ ನಾಲ್ಕು ವಿಷಯ ಗಮನಿಸಿ.

• 'ದುಡ್ಡು ಕೊಟ್ಟರೆ ಸೆಲೆಕ್ಷನ್ ಗ್ಯಾರಂಟಿ': ನಿಜವಾದ ಕ್ಲಬ್ ಆಟಗಾರನಿಗೆ ದುಡ್ಡು ಕೊಡುತ್ತೆ, ಆಟಗಾರನಿಂದ ತಗೊಳ್ಳಲ್ಲ. ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ.

• 'ಫಾರಿನ್ ಕ್ಲಬ್ ಟ್ರಯಲ್ಸ್': ಕ್ಲಬ್‌ನಿಂದಲೇ ಬಂದ ಪತ್ರ ಇದೆಯಾ ನೋಡಿ, ಆ ಕ್ಲಬ್‌ನ ಅಧಿಕೃತ ವೆಬ್‌ಸೈಟ್‌ನಲ್ಲಿರುವ ವಿಳಾಸಕ್ಕೆ ನೀವೇ ಬರೆದು ಖಚಿತ ಮಾಡಿಕೊಳ್ಳಿ. ಏಜೆಂಟ್ ಅಂತ ಹೇಳಿಕೊಳ್ಳುವವರ ಬಳಿ ಫಿಫಾ ಲೈಸೆನ್ಸ್ ಇರಬೇಕು.

• ವಯಸ್ಸು ಕಡಿಮೆ ತೋರಿಸೋಣ ಅನ್ನುವವರು: ಯೂತ್ ಟೂರ್ನಿಗಳಲ್ಲಿ ಮೂಳೆ ಪರೀಕ್ಷೆ ಮಾಡಿ ವಯಸ್ಸು ನೋಡ್ತಾರೆ. ಸಿಕ್ಕಿಬಿದ್ದರೆ ನಿಷೇಧ. ಆಧಾರ್, ಮಾರ್ಕ್ಸ್ ಕಾರ್ಡ್‌ನಲ್ಲಿ ಹುಟ್ಟಿದ ದಿನ ಬೇರೆ ಬೇರೆ ಮಾಡಿಕೊಂಡರೆ ಮುಂದೆ ನೌಕರಿ, ಪಾಸ್‌ಪೋರ್ಟ್‌ಗೂ ತೊಂದರೆ.

• ಅಕಾಡೆಮಿ ಆಯ್ಕೆ: ಎಐಎಫ್‌ಎಫ್ ಅಕಾಡೆಮಿಗಳಿಗೆ ಮಾನ್ಯತೆ ಮತ್ತು ಸ್ಟಾರ್ ರೇಟಿಂಗ್ ಕೊಡುತ್ತೆ, ಅದನ್ನು ಕೇಳಿ. ಕೋಚ್ ಬಳಿ ಯಾವ ಲೈಸೆನ್ಸ್ ಇದೆ, ಕಳೆದ ವರ್ಷ ಎಷ್ಟು ಲೀಗ್ ಮ್ಯಾಚ್ ಆಡಿಸಿದರು ಅಂತಲೂ ಕೇಳಿ. ಜೆರ್ಸಿ, ಫೋಟೋ, ರೀಲ್ಸ್ ನೋಡಿ ಫೀಸ್ ಕಟ್ಟಬೇಡಿ.

ಆಟಗಾರ ಆಗದಿದ್ದರೂ ಫುಟ್ಬಾಲ್‌ನಲ್ಲೇ ಇರಬಹುದು

ಲೇಟಾಗಿ ಬಂದವರಿಗೆ ಹೆಚ್ಚು ನಂಬಿಕೆಯ ದಾರಿಗಳು ಇವು. ಮೊದಲನೆಯದು ಕೋಚಿಂಗ್. ಕೆಳಗಿನ ಹಂತದ ಡಿ ಲೈಸೆನ್ಸ್‌ನಿಂದ ಸಿ, ಬಿ, ಎ, ಪ್ರೊ ತನಕ ಮೆಟ್ಟಿಲಿದೆ. ಉತ್ತರ ಬೆಂಗಳೂರಿನಲ್ಲಿ ಶಾಲೆ, ಅಪಾರ್ಟ್‌ಮೆಂಟ್, ಟರ್ಫ್ ಎಲ್ಲ ಕಡೆ ಮಕ್ಕಳಿಗೆ ಹೇಳಿಕೊಡುವವರು ಬೇಕಾಗಿದ್ದಾರೆ, ಲೈಸೆನ್ಸ್ ಇದ್ದವರಿಗೆ ಬೆಲೆ ಬೇರೆ. ಎರಡನೆಯದು ರೆಫರಿ. ಲೀಗ್ ನಡೆಯಬೇಕಾದರೆ ಪ್ರತಿ ಮ್ಯಾಚ್‌ಗೂ ರೆಫರಿಗಳು ಬೇಕು, ಮ್ಯಾಚ್ ಲೆಕ್ಕದಲ್ಲಿ ಭತ್ಯೆ ಸಿಗುತ್ತೆ. ಚೆನ್ನಾಗಿ ಓಡುವ, ನಿಯಮ ತಿಳಿದ, ಬೈಗುಳಕ್ಕೆ ಜಗ್ಗದ 20ರ ಹುಡುಗನಿಗೆ ಇದು ಒಳ್ಳೇ ದಾರಿ. ಇದಲ್ಲದೆ ಫಿಸಿಯೋ, ಮ್ಯಾಚ್ ವಿಶ್ಲೇಷಣೆ, ಮೈದಾನ ನಿರ್ವಹಣೆ ಕೆಲಸಗಳೂ ಇವೆ.

ಮೊದಲ ಹೆಜ್ಜೆ ಯಾವುದು?

1. ಬೆಂಗಳೂರು ಫುಟ್ಬಾಲ್ ಸ್ಟೇಡಿಯಂಗೆ ಹೋಗಿ ಲೀಗ್ ಮ್ಯಾಚ್ ಎರಡು ಮೂರು ನೋಡಿ. ಸಿ ಡಿವಿಷನ್ ಮ್ಯಾಚೂ ನೋಡಿ, ಸೂಪರ್ ಡಿವಿಷನ್ ಮ್ಯಾಚೂ ನೋಡಿ. ನೀವು ಎಲ್ಲಿದ್ದೀರಿ ಅಂತ ಯಾರೂ ಹೇಳೋದು ಬೇಕಾಗಲ್ಲ.

2. ಅಲ್ಲೇ ಕ್ಲಬ್‌ನವರನ್ನು ಮಾತಾಡಿಸಿ, ಪ್ರಾಕ್ಟೀಸ್ ಎಲ್ಲಿ, ಯಾವಾಗ ಅಂತ ಕೇಳಿ. ಸೀಸನ್ ಶುರುವಾಗುವ ಮುಂಚೆ, ನೋಂದಣಿ ನಡೆಯುವಾಗಲೇ ಹೋಗಬೇಕು.

3. ವಾರಕ್ಕೆ ಕನಿಷ್ಠ ಒಂದು ಸಲ 11 ಜನರ ಆಟ ಆಡಿ. ಟರ್ಫ್ ಶೂ ಬೇರೆ, ಹುಲ್ಲು ಮೈದಾನದ ಸ್ಟಡ್ ಬೇರೆ. ತಪ್ಪು ಶೂ ಹಾಕಿದರೆ ಕಾಲು ಉಳುಕುತ್ತೆ.

4. ಜನನ ಪ್ರಮಾಣಪತ್ರ, ಆಧಾರ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಹೆಸರು, ದಿನಾಂಕ ಒಂದೇ ಇದೆಯಾ ನೋಡಿಕೊಳ್ಳಿ.

5. ಒಂದು ಸೀಸನ್ ಆದ ಮೇಲೆ ಲೆಕ್ಕ ಹಾಕಿ: ಎಷ್ಟು ಮ್ಯಾಚ್ ಆಡಿದೆ, ಎಷ್ಟು ನಿಮಿಷ ಆಡಿದೆ, ಮೇಲಿನ ಡಿವಿಷನ್‌ನ ಯಾರಾದರೂ ಬಂದು ಕೇಳಿದರಾ?

ಕೊನೆಯ ಪ್ರಶ್ನೆಗೆ 'ಹೌದು' ಅಂತ ಉತ್ತರ ಬಂದರೆ ಮನೆಯವರು ಇನ್ನೊಂದು ಸೀಸನ್ ಬೆಂಬಲ ಕೊಡಬಹುದು. 'ಇಲ್ಲ' ಅಂತ ಬಂದರೆ ಕೆಲಸ, ಓದು ಮುಂದುವರಿಸಿ ಭಾನುವಾರ ಲೀಗ್ ಆಡಿಕೊಂಡಿರಬಹುದು. ಎರಡರಲ್ಲಿ ಯಾವುದಾದರೂ ಮನೆಯ ದುಡ್ಡು ಮುಳುಗಿರಲ್ಲ, ಹುಡುಗನಿಗೂ ಒಂದು ಪ್ರಯತ್ನ ಮಾಡಲೇ ಇಲ್ಲವಲ್ಲ ಅನ್ನೋ ಕೊರಗು ಉಳಿಯಲ್ಲ.